ಕಾಫಿ ಸೀಮೆಯ ಟಿಸಿ ಎಲ್ಲಿಂದ ಬಂತು?

ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಮೂಡಿಗೆರೆ, ಸಕಲೇಶಪುರ, ಆಲ್ದೂರು ಕಡೆಯ ರೊಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗತೊಡಗುತ್ತವೆ. ಅದರ ಬೆನ್ನಿಗೇ ‘ಟಿಸಿ ಸುಟ್ಟಿದೆ’ ಎಂಬ ದೂರು. ಟಿಸಿ ಎಂದರೆ ಲೈನಿನ ಕರೆಂಟನ್ನು ಪಂಪು, ದೀಪಕ್ಕೆ ತಕ್ಕ ವೋಲ್ಟೇಜಿಗೆ ಇಳಿಸುವ ಟ್ರಾನ್ಸ್‌ಫಾರ್ಮರು. ಈ ಡಬ್ಬಿಯನ್ನು ನಾವೇ ತಯಾರಿಸಿಕೊಳ್ಳಲು ಹೊರಟದ್ದು ಮಾತ್ರ ಇಂದು ನಿನ್ನೆಯಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದಾಗ ಯಂತ್ರಗಳೆಲ್ಲ ಹೊರಗಿನವು. ಟರ್ಬೈನು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನವು. ಸುಮಾರು 147 ಕಿ.ಮೀ. ಉದ್ದದ ಆ ಲೈನಿಗೆ ಬೇಕಿದ್ದವು ದೊಡ್ಡ ಟ್ರಾನ್ಸ್‌ಫಾರ್ಮರುಗಳು, ಅದೂ ಕೆಲವೇ. ಊರೂರಿಗೆ ದೀಪ ಕೊಡಬೇಕೆಂದರೆ ಸಣ್ಣವು ರಾಶಿಗಟ್ಟಲೆ ಬೇಕು. ಅವನ್ನೂ ಹಡಗಿನಲ್ಲೇ ತರಿಸುತ್ತ ಕೂತರೆ ಆಗುವ ಮಾತಲ್ಲ. 1930ರ ದಶಕದಲ್ಲಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಸರ್ಕಾರಿ ವಿದ್ಯುತ್ ಕಾರ್ಖಾನೆ ತೆರೆಯಿತು. 1976ರಲ್ಲಿ ಕಂಪನಿಯಾದಾಗ ಅದಕ್ಕೆ ಬಂದ ಹೆಸರು ‘ಕವಿಕ’, ಕರ್ನಾಟಕ ವಿದ್ಯುತ್ ಕಾರ್ಖಾನೆ.

ಜರ್ಮನಿಯ ಎಇಜಿ ಸಹಯೋಗದಲ್ಲಿ 1956ರಲ್ಲಿ ಹುಟ್ಟಿದ ಎನ್‌ಜಿಇಎಫ್‌ನ (ನ್ಯೂ ಗವರ್ನಮೆಂಟ್ ಎಲೆಕ್ಟ್ರಿಕ್ ಫ್ಯಾಕ್ಟರಿ) ಮೊದಲಕ್ಷರ ‘ನ್ಯೂ’. ಹಳೆಯದೊಂದು ಇದ್ದುದರಿಂದಲೇ ಇದು ಹೊಸದಾಯಿತು. ಮೋಟರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರು ಎಲ್ಲ ಮಾಡಿದ ಬೈಯಪ್ಪನಹಳ್ಳಿಯ ಆ ಹೊಸ ಕಾರ್ಖಾನೆ 2000ರ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಹಳೆಯದು ಉಳಿಯಿತು!

ಟಿಸಿ ಸುಟ್ಟಾಗ ತಯಾರಿಸಿದವರನ್ನು ಬೈಯುವುದು ಸುಲಭ. ಲೆಕ್ಕ ಹಾಕಿ ನೋಡಿ. 11 ಕೆವಿಯನ್ನು 433 ವೋಲ್ಟಿಗೆ ಇಳಿಸುವ 25 ಕೆವಿಎ ಟಿಸಿ ಪ್ರತಿ ಫೇಸಿನಲ್ಲಿ ಕೊಡಬಲ್ಲದ್ದು 33 ಆಂಪಿಯರ್. 5 ಎಚ್‌ಪಿ ಪಂಪು ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಅಂದರೆ ನಾಲ್ಕು ಪಂಪಿಗೆ ಮುಗಿಯಿತು. ತ್ರೀ ಫೇಸ್ ಬಂದ ಕ್ಷಣ ಆಟೋ ಸ್ಟಾರ್ಟರುಗಳೆಲ್ಲ ಒಟ್ಟಿಗೇ ಹಿಡಿದುಕೊಂಡರೆ, ನೇರ ಚಾಲನೆಯ ಮೋಟರು ಶುರುವಿಗೆ ಐದಾರು ಪಟ್ಟು ಎಳೆಯುವುದರಿಂದ, ಆ ನಾಲ್ಕೇ ಪಂಪು 150 ಆಂಪಿಯರ್ ದಾಟುತ್ತವೆ. ವೋಲ್ಟೇಜು ಕುಸಿಯುತ್ತದೆ, ಮೋಟರು ವೇಗ ಹಿಡಿಯದೆ ಎಳೆಯುತ್ತಲೇ ಇರುತ್ತದೆ. ಎಣ್ಣೆ ಕಾದು, ಸುರುಳಿಗೆ ಸುತ್ತಿದ ಕಾಗದ ಕಂದಿ ಪುಡಿಯಾಗುತ್ತದೆ. ಕೊನೆಗೆ ಸುರುಳಿಯ ಒಂದು ಸುತ್ತು ಇನ್ನೊಂದಕ್ಕೆ ತಾಗಿ ಶಾರ್ಟ್. ತಡೆಯಬೇಕಾದ ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ಅಲ್ಯೂಮಿನಿಯಂ ತಂತಿ ಕಟ್ಟಿರುತ್ತಾರೆ.

ಮಳೆಗಾಲದ ಪಾಡು ಬೇರೆ. ಕನ್ಸರ್ವೇಟರ್ (ಮೇಲಿನ ಎಣ್ಣೆ ಡ್ರಮ್ಮು) ಇರುವ ದೊಡ್ಡ ಟಿಸಿಗಳು ಬ್ರೀದರ್ ಎಂಬ ಗಾಳಿದಾರಿಯ ಮೂಲಕ ಉಸಿರಾಡುತ್ತವೆ. ಅದರೊಳಗಿನ ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿತೆಂದರೆ ಇನ್ನು ಅದು ತೇವ ಹೀರದು. ಮಲೆನಾಡಿನ ತಂಡಿ ನೇರ ಎಣ್ಣೆಗೆ ಇಳಿಯುತ್ತದೆ. ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸಲು ಲೈಟ್ನಿಂಗ್ ಅರೆಸ್ಟರ್ ಇದೆ, ಆದರೆ ಅದರ ಅರ್ಥಿಂಗ್ ತಂತಿ ತುಂಡಾಗಿದ್ದರೆ ಇದ್ದೂ ಇಲ್ಲದಂತೆ. ಇವೆರಡೂ ವಿದ್ಯುತ್ ಸರಬರಾಜು ಕಂಪನಿಯ ಲೈನ್‌ಮನ್ ಕೆಲಸ, ಹಾಸನದಲ್ಲಿ ಸೆಸ್ಕ್‌ನವರದು, ಚಿಕ್ಕಮಗಳೂರಿನಲ್ಲಿ ಮೆಸ್ಕಾಂನವರದು. ತೋಟದವರ ಕೈಯಲ್ಲಿರುವುದು ಸ್ಟಾರ್ಟರಿನ ಟೈಮರು: ಒಂದೇ ಟಿಸಿಯ ಪಂಪಿನವರು ಮಾತಾಡಿಕೊಂಡು 10, 20, 30 ಸೆಕೆಂಡಿನ ಅಂತರಕ್ಕೆ ಇಟ್ಟುಕೊಂಡರೆ ಪಂಪುಗಳು ಸರದಿಯಲ್ಲಿ ಏಳುತ್ತವೆ. ಐದನೇ ಪಂಪು ಬಂದರೆ ಮಾತ್ರ ಟೈಮರು ಸಾಲದು, 63 ಕೆವಿಎ ಟಿಸಿಗೇ ಅರ್ಜಿ ಹಾಕಬೇಕು.