ಚರ್ಮದ ಸೀಟಿಗೆ ಜೆಲ್ ಕವರ್ ಹಾಕಲಾ?

ಪ್ರಶ್ನೆ: ಮೊದಲ 200 ಕಿ.ಮೀ. ಬಿಆರ್‌ಎಂಗೆ ಹೆಸರು ಕೊಟ್ಟಿದ್ದೇನೆ, ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ರೈಡ್ ಅದು. ಸೈಕಲ್ಲಿಗೆ ಚರ್ಮದ ಸೀಟು ತಗೊಳ್ಳೋಣ ಅಂತಿದ್ದೇನೆ. ಆದರೆ ಅಂಗಡಿಯಲ್ಲಿ ಒತ್ತಿ ನೋಡಿದರೆ ಒಂಚೂರೂ ಬಗ್ಗಲ್ಲ. ಮೇಲೊಂದು ಜೆಲ್ ಕವರ್ ಹಾಕಿದರೆ ಸರಿಹೋಗುತ್ತಾ ಸಾರ್?

ಸೀಟು ತಗೊಳ್ಳಿ, ಕವರ್ ಬೇಡ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮಳೆ ನಿಂತು ರೈಡ್‌ಗಳು ಶುರುವಾದ ಕೂಡಲೇ ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಮುಂದಿನ ಸಲ ಕೇಳುವವರಿಗೆ ಇದನ್ನೇ ಓದಿಸಿ.

ಮೆತ್ತಗಿದ್ದಷ್ಟೂ ಆರಾಮ ಎಂಬ ನಂಬಿಕೆ ಹುಟ್ಟುವುದೇ ಅಂಗಡಿಯಲ್ಲಿ. ಹೆಬ್ಬೆರಳಲ್ಲಿ ಒತ್ತುತ್ತೇವೆ, ಒಳಗೆ ಹೋದರೆ ಖುಷಿ. ಆದರೆ ಸೀಟಿನ ಮೇಲೆ ಕೂರುವುದು ಹೆಬ್ಬೆರಳಲ್ಲವಲ್ಲ! ಕುಂಡೆಯ ಕೆಳಗೆ ಎಡಕ್ಕೊಂದು ಬಲಕ್ಕೊಂದು ಮೂಳೆಯ ಗುಬುಟು ಇದೆ. ಬೆಂಚಿನ ಮೇಲೆ ಕೂತು ಅಡಿಗೆ ಅಂಗೈ ಇಟ್ಟರೆ ಕೈಗೇ ಸಿಗುತ್ತದೆ. ಮೈಭಾರ ಹೊರಬೇಕಾದವು ಅವೆರಡೇ. ನಡುವಿನ ಜಾಗದಲ್ಲಿ ನರ, ರಕ್ತನಾಳ ಹಾದುಹೋಗುತ್ತವೆ. ಅಲ್ಲಿ ಭಾರ ಬೀಳಬಾರದು.

ದಪ್ಪ ಫೋಮಿನ ಮೇಲೆ ಕೂತರೆ ಮೂಳೆಗಳು ಒಳಗೆ ಹೂತುಹೋಗುತ್ತವೆ. ಅವು ಇಳಿದಷ್ಟೂ ನಡುವಿನ ಫೋಮು ಬೇಡದ ಜಾಗಕ್ಕೆ ಒತ್ತಿಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಗೊತ್ತಾಗಲ್ಲ. ಎರಡು ಗಂಟೆಯಲ್ಲಿ ಜೋಮು ಹಿಡಿಯುತ್ತದೆ. ಆಗ ನಮ್ಮ ಸವಾರರು ಮಾಡುವುದೇನು? ಇನ್ನೂ ದಪ್ಪನೆಯ ಕವರ್ ಹುಡುಕುತ್ತಾರೆ. ಜೊತೆಗೆ ಕವರ್ ಹಾಕಿದ ಸೀಟಿನ ಮೂಗು, ಅಂದರೆ ಮುಂದಿನ ಕಿರಿದಾದ ತುದಿ, ಅಗಲವಾಗಿ ಒಳತೊಡೆ ಉಜ್ಜುತ್ತದೆ. ತುಳಿದ ಹಾಗೆಲ್ಲ ಕವರ್ ಆಚೀಚೆ ಜಾರುತ್ತದೆ. ಬೆವರು ಅಲ್ಲೇ ನಿಲ್ಲುತ್ತದೆ. 200 ಕಿ.ಮೀ.ಗೆ ಕೊಡುವ ಸಮಯ ಹದಿಮೂರೂವರೆ ಗಂಟೆ. ಸುಲಿದ ತೊಡೆ ಇಟ್ಟುಕೊಂಡು ಅಷ್ಟು ಹೊತ್ತು ತುಳಿಯುವುದು ತಮಾಷೆಯಲ್ಲ.

'ನಮ್ಮಪ್ಪ ಫೋಮ್ ಸೀಟಲ್ಲೇ ಓಡಾಡ್ತಾರಲ್ಲ' ಅನ್ನುತ್ತೀರಿ. ಹೌದು, ನೆಟ್ಟಗೆ ಕೂತು, ತರಕಾರಿ ಅಂಗಡಿವರೆಗೆ. ಅದಕ್ಕೆ ಅದೇ ಸರಿ. ನೀವು ಹೊರಟಿರುವುದು ಅಲ್ಲಿಗಲ್ಲವಲ್ಲ.

ಚರ್ಮದ ಸೀಟಿನಲ್ಲಿ ಫೋಮೇ ಇಲ್ಲ. ದಪ್ಪ ಚರ್ಮದ ಒಂದೇ ತುಂಡನ್ನು ಹಿಂದೆ ಮುಂದೆ ರಿವೆಟ್ ಹೊಡೆದು ಬಿಗಿಯಾಗಿ ಎಳೆದಿರುತ್ತಾರೆ, ಕೆಳಗೆ ಬರೀ ಗಾಳಿ. ಮೂಳೆ ಕೂರುವ ಎರಡು ಕಡೆ ಮಾತ್ರ ನಿಧಾನಕ್ಕೆ ತಗ್ಗು ಬೀಳುತ್ತದೆ. ಅಥಣಿ ಕಡೆಯ ಚಪ್ಪಲಿ ಹಾಕಿದವರಿಗೆ ಇದನ್ನು ಹೇಳಬೇಕಿಲ್ಲ. ಮೊದಮೊದಲು ಕಚ್ಚುತ್ತದೆ, ಆಮೇಲೆ ಬೇರೆ ಚಪ್ಪಲಿ ಬೇಡ ಅನ್ನಿಸುತ್ತದೆ. ಸೀಟಿಗೆ ಆ ಹದ ಬರಲು ಕೆಲವು ನೂರು ಕಿಲೋಮೀಟರ್ ಬೇಕು. ನಿಮ್ಮ ಬಿಆರ್‌ಎಂ ಮುಂದಿನ ಭಾನುವಾರವೇ ಇದ್ದರೆ ಹಳೇ ಸೀಟಲ್ಲೇ ಹೋಗಿಬನ್ನಿ. ಬೇಗ ಹದವಾಗಲಿ ಅಂತ ಹರಳೆಣ್ಣೆಯಲ್ಲಿ ನೆನೆಸಬೇಡಿ. ಚರ್ಮ ಮೆತ್ತಗಾಗುತ್ತದೆ ನಿಜ, ಆಮೇಲೆ ಜೋತು ಬೀಳುತ್ತದೆ. ಇದಕ್ಕೆಂದೇ ಸಿಗುವ ಮೇಣವನ್ನು ತೆಳ್ಳಗೆ ಸವರಿ, ಸಾಕು.

ಆರಿಸುವಾಗ ನೋಡಬೇಕಾದದ್ದು ಅಗಲ. ಗಟ್ಟಿ ಕುರ್ಚಿಯ ಮೇಲೆ ರಟ್ಟಿನ ಡಬ್ಬದ ತುಂಡು ಹಾಕಿ, ಮುಂದಕ್ಕೆ ಬಾಗಿ ಕೂತು ಏಳಿ. ಎರಡು ಗುಳಿ ಬಿದ್ದಿರುತ್ತವೆ. ಅವುಗಳ ನಡುವಿನ ಅಂತರ ಅಳೆಯಿರಿ. ಸೀಟು ಅದಕ್ಕಿಂತ ಎರಡು ಸೆಂಟಿಮೀಟರ್ ಆದರೂ ಜಾಸ್ತಿ ಅಗಲ ಇರಲಿ, ಯಾಕೆಂದರೆ ಅಂಚಿನಲ್ಲಿ ಲೋಹದ ಚೌಕಟ್ಟಿದೆ. ಹ್ಯಾಂಡಲ್ ಹೆಚ್ಚುಕಡಿಮೆ ಸೀಟಿನ ಮಟ್ಟಕ್ಕೇ ಇದ್ದರೆ ಬ್ರೂಕ್ಸ್ ಕಂಪನಿಯ ಬಿ17 ಸೀಟು ಹೆಚ್ಚಿನವರಿಗೆ ಒಗ್ಗುತ್ತದೆ. ಬರ್ಮಿಂಗ್‌ಹ್ಯಾಮಿನ ಜಾನ್ ಬೋಲ್ಟ್‌ಬೀ ಬ್ರೂಕ್ಸ್ 1882ರಲ್ಲಿ ಸೀಟಿಗೆ ಪೇಟೆಂಟ್ ಪಡೆದರು. ಬಿ17 ಬಂದೂ ನೂರು ವರ್ಷ ದಾಟಿದೆ. ತೂಕ ಸುಮಾರು ಅರ್ಧ ಕಿಲೋ, ಅದಕ್ಕೆ ಗೊಣಗಬೇಡಿ. ಮೂಗನ್ನು ಒಂಚೂರು ಮೇಲೆ ಎತ್ತಿ, ಇಲ್ಲದಿದ್ದರೆ ನುಣುಪು ಚರ್ಮದ ಮೇಲೆ ಮುಂದಕ್ಕೆ ಜಾರುತ್ತೀರಿ. ಚರ್ಮವೇ ಬೇಡ ಅನ್ನುವವರಿಗೆ ಅದೇ ಕಂಪನಿಯ ರಬ್ಬರ್ ಮತ್ತು ಹತ್ತಿಬಟ್ಟೆಯ ಕ್ಯಾಂಬಿಯಂ ಇದೆ.

ಬಾಳಿಕೆಗೆ ಶತ್ರು ನೀರು. ಒದ್ದೆ ಚರ್ಮದ ಮೇಲೆ ಕೂತು ತುಳಿದರೆ ಆಕಾರ ಕೆಡುತ್ತದೆ. ಆಗುಂಬೆ ಕಡೆ ಹೋಗುವವರು ಪ್ಲಾಸ್ಟಿಕ್ ಹೊದಿಕೆಯ ಜೊತೆಗೆ ಹಿಂಚಕ್ರಕ್ಕೆ ಮಡ್‌ಗಾರ್ಡೂ ಹಾಕಿಸಿ, ನೀರು ಹಾರುವುದು ಕೆಳಗಿನಿಂದಲೂ ಹೌದು. ನೆನೆದರೆ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಬಿರಿಯುತ್ತದೆ. ಚರ್ಮ ಬಿಗಿಮಾಡಲು ಮೂಗಿನ ಕೆಳಗಿರುವ ನಟ್ಟನ್ನು ಸುಮ್ನೆ ತಿರುಗಿಸುತ್ತಾ ಇರಬೇಡಿ, ಚರ್ಮ ಸಡಿಲವಾದರೆ ಮಾತ್ರ ಕಾಲು ಸುತ್ತು.

ಇನ್ನೊಂದು ವಿಷಯ, ನೀವು ಕೇಳಿಲ್ಲ. ಫೋಮ್ ಇಷ್ಟು ಕೆಟ್ಟದ್ದಾದರೆ ಸೈಕ್ಲಿಂಗ್ ಚಡ್ಡಿಯಲ್ಲಿ ಪ್ಯಾಡ್ ಯಾಕೆ? ಅದಕ್ಕೆ ಬೇರೆ ಕೆಲಸವಿದೆ. ಚಡ್ಡಿ ಮೈಗಂಟಿಕೊಂಡು ನಿಮ್ಮ ಜೊತೆಗೇ ಚಲಿಸುತ್ತದೆ, ಉಜ್ಜಾಟವೆಲ್ಲ ಬಟ್ಟೆಗೂ ಸೀಟಿಗೂ ನಡುವೆ ಆಗುತ್ತದೆ, ಮೈಚರ್ಮ ಸುಲಿಯುವುದಿಲ್ಲ. ಅದಕ್ಕೇ ತೆಳ್ಳನೆಯ ಪ್ಯಾಡ್ ಸಾಕು. ಮತ್ತೆ, ನಾಚಿಕೆಯಿಂದ ಯಾರೂ ಕೇಳದ್ದು: ಅದರ ಒಳಗೆ ಇನ್ನೊಂದು ಚಡ್ಡಿ ಹಾಕಬಾರದು. ಒಳಚಡ್ಡಿಯ ಹೊಲಿಗೆ ಇರುವ ಕಡೆಯೇ ಮೊದಲು ಗಾಯವಾಗುವುದು. ಪ್ರತಿ ರೈಡಿಗೂ ಒಗೆದದ್ದನ್ನೇ ಹಾಕಿ, ಎರಡು ಜೊತೆ ಇರಲಿ.