ಮುತ್ತಜ್ಜನ ಚಿನ್ನದ ಕಿಸೆ ಗಡಿಯಾರವನ್ನು ತೂಕಕ್ಕೆ ಕೊಡಬಹುದೇ?

ಬದಿಯಡ್ಕ ಕಡೆಯ ಓದುಗರೊಬ್ಬರ ಪ್ರಶ್ನೆ: "ಹಳೆ ಮನೆ ಕೆಡವುವಾಗ ಮರದ ಪೆಟ್ಟಿಗೆಯಲ್ಲಿ ಚೈನು ಸಮೇತ ಒಂದು ಕಿಸೆ ಗಡಿಯಾರ ಸಿಕ್ಕಿತು. ಮುತ್ತಜ್ಜನದ್ದಂತೆ. ಚಿನ್ನದ ಹಾಗೆ ಕಾಣುತ್ತದೆ, ನಡೆಯುವುದಿಲ್ಲ. ಪೇಟೆಯ ಅಂಗಡಿಯವರು ತೂಕಕ್ಕೆ ತೆಗೆದುಕೊಳ್ಳುತ್ತಾರಂತೆ. ಕೊಡಬಹುದೇ?"

ದಯವಿಟ್ಟು ಈಗಲೇ ಕೊಡಬೇಡಿ. ನಮ್ಮ ದೊಡ್ಡಪ್ಪ ಹಾಗೆ ಒಂದನ್ನು ಕೊಟ್ಟಿದ್ದರು. ಅಂಗಡಿಯವರು ಚಿನ್ನದ ಕವಚವನ್ನು ಬಿಡಿಸಿ ತೂಗಿ, ಒಳಗಿನ ಯಂತ್ರವನ್ನು ಕಾಗದದಲ್ಲಿ ಸುತ್ತಿ ವಾಪಸ್ ಕೊಟ್ಟರು. ಅದು ಈಗಲೂ ನನ್ನ ಕಪಾಟಿನಲ್ಲಿದೆ. ಬಿಳಿ ಪಿಂಗಾಣಿ ಡಯಲ್, ಕೂದಲಿನಷ್ಟು ತೆಳುವಾದ ನೀಲಿ ಮುಳ್ಳುಗಳು. ಹಾಕಿಡಲು ಕವಚವೇ ಇಲ್ಲ. ಕವಚ, ಯಂತ್ರ ಎರಡೂ ಜೊತೆಗಿದ್ದರೆ ಮಾತ್ರ ಅದು ಗಡಿಯಾರ ಅಲ್ವಾ?

ಮೊದಲು ಹಿಂಬದಿಯ ಮುಚ್ಚಳ ನೋಡಿ. ಅಂಚಿನಲ್ಲಿ ಉಗುರು ಸಿಕ್ಕಿಸುವಷ್ಟು ಸಣ್ಣ ತುಟಿ ಇರುತ್ತದೆ. ಮೆಲ್ಲನೆ ಎಬ್ಬಿಸಿ. ಏಳದಿದ್ದರೆ ಚಾಕು ತುರುಕಬೇಡಿ, ಕೆಲವು ಕವಚಗಳು ತಿರುಪಿನವು. ಒಳಗೆ ಇನ್ನೊಂದು ಮುಚ್ಚಳವೂ ಇರಬಹುದು. ಅದರಲ್ಲಿ ಕೀಲಿಯ ತೂತು ಇದ್ದರೆ ನಿಮ್ಮದು ಕೀಲಿ ಕೊಡುವ ಹಳೆಯ ಕಾಲದ್ದು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ಮುಚ್ಚಳದ ಒಳಮೈಯನ್ನು ಓದಿ. ಕಿರೀಟ ಮತ್ತು 18 ಇದ್ದರೆ ಇಂಗ್ಲೆಂಡಿನ 18 ಕ್ಯಾರೆಟ್ ಚಿನ್ನ, ಅಂದರೆ ನೂರರಲ್ಲಿ 75 ಪಾಲು. ಜೊತೆಗೆ ಚಿರತೆಯ ತಲೆ ಇದ್ದರೆ ಲಂಡನ್, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಪಕ್ಕದ ಒಂಟಿ ಅಕ್ಷರದಿಂದ ವರ್ಷ ತಿಳಿಯುತ್ತದೆ. ಸ್ವಿಸ್ ಗಡಿಯಾರಗಳಲ್ಲಿ 1880ರ ಕಾನೂನಿನ ನಂತರ 18 ಕ್ಯಾರೆಟ್‌ಗೆ ಹೆಂಗಸಿನ ತಲೆ, 14 ಕ್ಯಾರೆಟ್‌ಗೆ ಅಳಿಲಿನ ಗುರುತು ಬಂತು.

"20 ವರ್ಷ ಗ್ಯಾರಂಟಿ" ಎಂಬ ಅರ್ಥದ ಇಂಗ್ಲಿಷ್ ಬರಹ ಕಂಡರೆ ಅದು ಗಟ್ಟಿ ಚಿನ್ನವಲ್ಲ. ಹಿತ್ತಾಳೆಯಂಥ ಲೋಹದ ಮೇಲೆ ಚಿನ್ನದ ತಗಡು ಹೊದಿಸಿದ ಅಮೆರಿಕನ್ ಕವಚ. ಇಂಥದ್ದರಲ್ಲಿ ಅಂಗಡಿಯವರು ಚಿನ್ನದ ಶುದ್ಧತೆ ಅಳೆಯುವ ಕ್ಯಾರೆಟ್ ಮೀಟರನ್ನೂ ಸುಮ್ನೆ ನಂಬಬೇಡಿ, ಅದು ಮೇಲ್ಮೈಯನ್ನಷ್ಟೇ ನೋಡುತ್ತದೆ. ಕೀಲು, ಚೈನು ಸಿಕ್ಕಿಸುವ ಬಳೆ, ಅಂಚು ಸವೆದಲ್ಲಿ ಬೇರೆ ಬಣ್ಣ ಇಣುಕುತ್ತದೆಯೇ ಅಂತ ನೋಡಿ. ಇಡೀ ಗಡಿಯಾರ ತೂಗಿ "ಇಷ್ಟು ಪವನು" ಎನ್ನುವುದೂ ತಪ್ಪು ಲೆಕ್ಕ. ಯಂತ್ರದ ತೂಕ ಹಿತ್ತಾಳೆ, ಉಕ್ಕಿನದು. ಚಿನ್ನದ ಗಡಿಯಾರದಲ್ಲೂ ಒಳಮುಚ್ಚಳ ಬರೀ ಲೋಹದ್ದಾಗಿರುವುದುಂಟು.

ಅಪರೂಪದ್ದು ಹೌದೋ ಅಲ್ಲವೋ ಎನ್ನುವುದನ್ನು ಹೇಳುವುದು ಯಂತ್ರವೇ. ಅಮೆರಿಕದ ವಾಲ್ತಮ್, ಎಲ್ಜಿನ್ ಕಂಪನಿಗಳು ಲಕ್ಷಗಟ್ಟಲೆ ಮಾಡಿದವು. ಯಂತ್ರದ ಮೇಲಿನ ನಂಬರಿನಿಂದ ಅವುಗಳ ವರ್ಷ ಸುಲಭವಾಗಿ ಸಿಗುತ್ತದೆ. ಪಟೆಕ್ ಫಿಲಿಪ್‌ನಂಥ ಹೆಸರಿದ್ದರೆ, ಅಥವಾ ಪಕ್ಕದ ಗುಂಡಿ ಜಾರಿಸಿದಾಗ ಗಂಟೆ ಹೊಡೆದು ಸಮಯ ಹೇಳುವಂಥದ್ದಾದರೆ, ಬೆಲೆ ಚಿನ್ನದ ತೂಕವನ್ನು ಎಷ್ಟೋ ಮೀರುತ್ತದೆ. ಹೆಸರು ಡಯಲ್ ಮೇಲಷ್ಟೇ ಇದ್ದರೆ ಸಾಲದು. ಹೆಸರಾಂತ ತಯಾರಕರ ಹೆಸರನ್ನು ಕದಿಯುವುದು ಆ ಕಾಲದಲ್ಲೂ ಇತ್ತು.

ನಡೆಯುತ್ತದೆಯೇ ಅಂತ ಕೀಲಿ ತಿರುಗಿಸಿ ನೋಡುವ ಆಸೆ ಆಗಿಯೇ ಆಗುತ್ತದೆ. ಬೇಡ. ಹಳೆ ಎಣ್ಣೆ ಅಂಟಾಗಿರುತ್ತದೆ, ಒಳಗೆ ಸವೆಯುತ್ತದೆ. ತೆಂಗಿನೆಣ್ಣೆಯನ್ನಂತೂ ಒಂದು ಹನಿಯೂ ಬಿಡಬೇಡಿ! ಪಾಲಿಶ್ ಕೂಡ ಬೇಡ, ಕೆತ್ತನೆ ಅಳಿಸಿಹೋದರೆ ಮರಳಿ ಬರುವುದಿಲ್ಲ. ನಮ್ಮ ಆಟಿಯ ಮಳೆಗೆ ಉಕ್ಕಿನ ಸಣ್ಣ ತಿರುಪುಗಳು ಬೇಗ ತುಕ್ಕು ಹಿಡಿಯುತ್ತವೆ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿ ಡಬ್ಬಿಯಲ್ಲಿಡಿ. ಬಿಚ್ಚಿ ತೊಳೆಯುವ ಕೆಲಸವನ್ನು ಕೀಲಿ ಗಡಿಯಾರ ಗೊತ್ತಿರುವವರಿಗೇ ಕೊಡಿ.

ದುಬಾಯಿಯಲ್ಲಿರುವ ಮಗನ ಕೈಯಲ್ಲಿ ಕಳಿಸಿ ಅಲ್ಲಿ ಮಾರುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ, ನೂರು ವರ್ಷ ದಾಟಿ ಪುರಾತನ ವಸ್ತು ಎನಿಸಿಕೊಂಡದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಿಮ್ಮದು ಆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಭಾರತೀಯ ಪುರಾತತ್ವ ಇಲಾಖೆಯಲ್ಲಿ ಕೇಳಿ, ಬರುವುದಿಲ್ಲ ಎಂದಾದರೆ ಪ್ರಮಾಣಪತ್ರ ಪಡೆದುಕೊಂಡೇ ವಿಮಾನ ಹತ್ತಿಸಿ.