ಮಗುವಿನ ಮೂಳೆಗೆ ಟಿ-ಸ್ಕೋರ್ ಬೇಡ

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನ ವರದಿ ಕೈಗೆ ಬಂದರೆ ಎಲ್ಲರೂ ಮೊದಲು ಹುಡುಕುವುದು ಟಿ-ಸ್ಕೋರ್. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆ ಇದು: ಮೈನಸ್ 1ರವರೆಗೆ ಸರಿ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್ (ಮೂಳೆ ಸವೆದು ಸುಲಭವಾಗಿ ಮುರಿಯುವ ಸ್ಥಿತಿ), ನಡುವಿನದು ಆಸ್ಟಿಯೋಪೀನಿಯಾ (ಸಾಂದ್ರತೆ ಸ್ವಲ್ಪ ತಗ್ಗಿದ ಸ್ಥಿತಿ). ಮುಟ್ಟು ನಿಂತ ಹೆಂಗಸರಿಗೂ 50 ದಾಟಿದ ಗಂಡಸರಿಗೂ ಈ ಗೆರೆ ಹೊಂದುತ್ತದೆ. ಹತ್ತು ವರ್ಷದ ಹುಡುಗನ ವರದಿಯಲ್ಲಿ ಟಿ-ಸ್ಕೋರ್ ಮೈನಸ್ 3 ಎಂದು ಅಚ್ಚಾಗಿದ್ದರೆ ಅದಕ್ಕೆ ಅರ್ಥವಿಲ್ಲ. ಟಿ-ಸ್ಕೋರ್ ಹೋಲಿಸುವುದು ಇಪ್ಪತ್ತರ ಹರೆಯದವರ ಮೂಳೆಯ ಜೊತೆ. ಹುಡುಗ ಆ ಮಟ್ಟ ಮುಟ್ಟಲು ಇನ್ನೂ ಹತ್ತು ವರ್ಷ ಬೆಳೆಯಬೇಕು. ಮಕ್ಕಳಿಗೆ, ಮುಟ್ಟು ನಿಲ್ಲದ ಹೆಂಗಸರಿಗೆ, 50ರೊಳಗಿನ ಗಂಡಸರಿಗೆ ನೋಡಬೇಕಾದದ್ದು ಝಡ್-ಸ್ಕೋರ್. ಅದು ಅದೇ ವಯಸ್ಸಿನ, ಅದೇ ಲಿಂಗದವರ ಜೊತೆಗಿನ ಹೋಲಿಕೆ.

ಆದರೆ ಮಕ್ಕಳಲ್ಲಿ ಝಡ್-ಸ್ಕೋರ್ ಕೂಡ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ. ಯಾಕೆಂದು ತಿಳಿಯಲು ಯಂತ್ರ ಏನನ್ನು ಅಳೆಯುತ್ತದೆ ಎಂದು ನೋಡಬೇಕು. ಮೇಜಿನ ಕೆಳಗಿನಿಂದ ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಹೊರಟು, ಮೈ ಹಾದು, ಮೇಲಿನ ತೋಳಿನಲ್ಲಿರುವ ಡಿಟೆಕ್ಟರ್ ಮುಟ್ಟುತ್ತವೆ. ಮಾಂಸ-ಕೊಬ್ಬು ಈ ಎರಡನ್ನು ತಡೆಯುವ ಪ್ರಮಾಣ ಬೇರೆ, ಮೂಳೆ ತಡೆಯುವ ಪ್ರಮಾಣ ಬೇರೆ. ಆ ವ್ಯತ್ಯಾಸದಿಂದ ಕಂಪ್ಯೂಟರ್ ಮಾಂಸದ ಪಾಲನ್ನು ಕಳೆದು, ಉಳಿದ ಖನಿಜ ಎಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತದೆ. ಅದನ್ನು ಮೂಳೆಯ ನೆರಳಿನ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವುದೇ ವರದಿಯ 'ಸಾಂದ್ರತೆ': ಚದರ ಸೆಂಟಿಮೀಟರಿಗೆ ಇಷ್ಟು ಗ್ರಾಂ. ಘನ ಸೆಂಟಿಮೀಟರಿಗೆ ಅಲ್ಲ! ಮೂಳೆಯ ದಪ್ಪ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಎರಡು ಗಟ್ಟಿಗಳನ್ನು ಊಹಿಸಿಕೊಳ್ಳಿ, ಎರಡೂ ಒಂದೇ ವಸ್ತುವಿನವು, ಘನ ಸೆಂಟಿಮೀಟರಿಗೆ 1 ಗ್ರಾಂ ತೂಗುವಂಥವು. ಮೊದಲನೆಯದರ ಪ್ರತಿ ಬದಿ 1 ಸೆಂ.ಮೀ.: ತೂಕ 1 ಗ್ರಾಂ, ನೆರಳು 1 ಚದರ ಸೆಂ.ಮೀ., ಯಂತ್ರ ಹೇಳುವುದು 1. ಎರಡನೆಯದರ ಬದಿ 2 ಸೆಂ.ಮೀ.: ತೂಕ 8 ಗ್ರಾಂ, ನೆರಳು 4 ಚದರ ಸೆಂ.ಮೀ., ಯಂತ್ರ ಹೇಳುವುದು 2. ವಸ್ತು ಒಂದೇ, ಅಂಕಿ ದುಪ್ಪಟ್ಟು. ಕುಳ್ಳಗಿರುವ ಮಗುವಿನ ಮೂಳೆ ಗಟ್ಟಿಯಾಗಿದ್ದರೂ ಝಡ್-ಸ್ಕೋರ್ ತಗ್ಗಿ ಕಾಣುವುದು ಹೀಗೆ. ಆದ್ದರಿಂದ ಸ್ಕ್ಯಾನಿನ ದಿನವೇ ಮಗುವಿನ ಎತ್ತರವನ್ನು ಗೋಡೆಯ ಅಳತೆಪಟ್ಟಿಗೆ ಬರಿಗಾಲಲ್ಲಿ ನಿಲ್ಲಿಸಿ ಅಳೆದು, ಎತ್ತರಕ್ಕೆ ತಕ್ಕಂತೆ ಅಂಕಿಯನ್ನು ಸರಿಪಡಿಸಬೇಕು. ಪ್ರೌಢತೆ ತಡವಾಗಿದ್ದರೆ ಅದನ್ನೂ ಗಮನಕ್ಕೆ ತರಬೇಕು.

ಮಕ್ಕಳಲ್ಲಿ ಅಳೆಯುವ ಜಾಗಗಳೂ ಬೇರೆ: ಸೊಂಟದ ಭಾಗದ ಬೆನ್ನೆಲುಬಿನ ಮೊದಲ ನಾಲ್ಕು ಕಶೇರುಕಗಳು, ಮತ್ತು ತಲೆ ಬಿಟ್ಟು ಇಡೀ ಮೈ. ಚಿಕ್ಕ ಮಗುವಿನ ಒಟ್ಟು ಖನಿಜದಲ್ಲಿ ತಲೆಬುರುಡೆಯ ಪಾಲು ದೊಡ್ಡದು, ಆಟ-ಓಟದಿಂದ ಅದು ಬದಲಾಗುವುದೂ ಕಡಿಮೆ. ಲೆಕ್ಕಕ್ಕೆ ಸೇರಿಸಿದರೆ ಉಳಿದ ಮೈಯ ಕೊರತೆಯನ್ನು ಮುಚ್ಚಿಬಿಡುತ್ತದೆ. ತೊಡೆಮೂಳೆಯ ಕತ್ತು ಬೆಳವಣಿಗೆಯ ಕಾಲದಲ್ಲಿ ಆಕಾರ ಬದಲಿಸುತ್ತಲೇ ಇರುವುದರಿಂದ ಅದು ನೆಚ್ಚಬಹುದಾದ ಜಾಗವಲ್ಲ. ಸಾಫ್ಟ್‌ವೇರ್ ಕೂಡ ಮಕ್ಕಳದ್ದೇ ಇರಬೇಕು. ದೊಡ್ಡವರ ಸಾಫ್ಟ್‌ವೇರ್ ತೆಳುವಾದ ಅಂಚುಗಳನ್ನು ಮೂಳೆಯೆಂದು ಗುರುತಿಸದೆ ಬಿಟ್ಟು ಗಟ್ಟಿಯಾದ ನಡುಭಾಗವನ್ನಷ್ಟೇ ಎಣಿಸಿದರೆ, ಅಂಕಿ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಝಡ್-ಸ್ಕೋರ್ ಮೈನಸ್ 2 ಬಂತೆಂದು ಮಗುವಿಗೆ ಆಸ್ಟಿಯೋಪೊರೋಸಿಸ್ ಎಂದು ಬರೆಯುವಂತಿಲ್ಲ. ಜೊತೆಗೆ ಮುರಿತದ ಚರಿತ್ರೆ ಬೇಕು: 10 ವರ್ಷದೊಳಗೆ ಕೈಕಾಲಿನ ಉದ್ದ ಮೂಳೆಗಳು ಎರಡು ಸಲವಾದರೂ, ಅಥವಾ 19ರೊಳಗೆ ಮೂರು ಸಲವಾದರೂ ಮುರಿದಿರಬೇಕು. ದೊಡ್ಡ ಪೆಟ್ಟಿಲ್ಲದೆ, ಆ ಜಾಗದಲ್ಲಿ ಬೇರೆ ಕಾಯಿಲೆಯೂ ಇಲ್ಲದೆ ಕಶೇರುಕ ಕುಸಿದಿದ್ದರೆ ಮಾತ್ರ ಅಂಕಿ ಏನೇ ಇರಲಿ, ಅದೊಂದೇ ಸಾಕು. ನಮ್ಮಲ್ಲಿ ಇನ್ನೊಂದು ಎಚ್ಚರಿಕೆ ಬೇಕೇಬೇಕು. ವಿಟಮಿನ್ ಡಿ ಕೊರತೆಯಿಂದ ಮೂಳೆಗೆ ಖನಿಜ ಕೂರದಿದ್ದರೂ ಯಂತ್ರ ತೋರಿಸುವುದು ಅದೇ ತಗ್ಗಿದ ಅಂಕಿ. ಹೀಗೆ ಬರುವ ರಿಕೆಟ್ಸ್‌ಗೂ ಆಸ್ಟಿಯೋಪೊರೋಸಿಸ್‌ಗೂ ಇರುವ ವ್ಯತ್ಯಾಸ ರಕ್ತಪರೀಕ್ಷೆಯಲ್ಲಿ, ಸಾದಾ ಎಕ್ಸ್-ರೇಯಲ್ಲಿ ತಿಳಿಯುತ್ತದೆಯೇ ಹೊರತು ಡೆಕ್ಸಾದಲ್ಲಲ್ಲ.

ಇನ್ನು ಮೇಜಿನ ಮೇಲೆ ಆಗುವ ತಪ್ಪುಗಳು. ಸ್ಕ್ಯಾನಿಗೆ ಹಿಂದಿನ 24 ಗಂಟೆ ಕ್ಯಾಲ್ಸಿಯಂ ಮಾತ್ರೆ ಬೇಡ. ಕರಗದ ಮಾತ್ರೆ ಹೊಟ್ಟೆಯಲ್ಲಿ ಬೆನ್ನೆಲುಬಿನ ಎದುರು ಬಿದ್ದಿದ್ದರೆ ಅದೂ ಮೂಳೆಯ ಲೆಕ್ಕಕ್ಕೆ ಸೇರುತ್ತದೆ. ಹೊಟ್ಟೆಯ ಎಕ್ಸ್-ರೇಗೆಂದು ಬೇರಿಯಂ ಕುಡಿಸಿದ್ದರೆ ಅದು ಪೂರ್ತಿ ಹೊರಹೋಗುವ ತನಕ ಕಾಯಬೇಕು. ಸೇಫ್ಟಿ ಪಿನ್, ಹುಕ್, ಜಿಪ್ ತೆಗೆಸುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಬಟ್ಟೆಯ ಒಳಗಿನ ಬೆಳ್ಳಿ ಉಡಿದಾರವನ್ನು. ಅದು ಕೂರುವುದೇ ಸೊಂಟದ ಕೆಳಗಿನ ಕಶೇರುಕಗಳ ಮಟ್ಟದಲ್ಲಿ.

ಬೆನ್ನೆಲುಬಿನ ಸ್ಕ್ಯಾನಿಗೆ ಮೊಣಕಾಲು ಮಡಿಸಿ ಕಾಲನ್ನು ಚೌಕದ ದಿಂಬಿನ ಮೇಲೆ ಇಟ್ಟರೆ ಸೊಂಟದ ಬಾಗು ಇಳಿದು ಕಶೇರುಕಗಳು ಬಿಡಿಬಿಡಿಯಾಗಿ ಕಾಣುತ್ತವೆ. ದೊಡ್ಡವರ ತೊಡೆಮೂಳೆಗೆ ಇಡೀ ಕಾಲನ್ನು ಸುಮಾರು 15ರಿಂದ 25 ಡಿಗ್ರಿ ಒಳಕ್ಕೆ ತಿರುಗಿಸಿ ಕಟ್ಟಬೇಕು. ತಿರುಗಿಸಿದ್ದು ಸಾಲದಿದ್ದರೆ ಮೂಳೆಯ ಕತ್ತು ಮೋಟಾಗಿ ಕಂಡು ಸಾಂದ್ರತೆ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ.

ವಯಸ್ಸಾದವರಲ್ಲಿ ಮೋಸ ಮಾಡುವುದು ಬೆನ್ನೆಲುಬು. ಕುಸಿದ ಕಶೇರುಕವೊಂದರಲ್ಲಿ 12 ಗ್ರಾಂ ಖನಿಜ ಹಾಗೇ ಇದ್ದು, ನೆರಳು ಮಾತ್ರ 13ರಿಂದ 10 ಚದರ ಸೆಂ.ಮೀ.ಗೆ ಇಳಿದರೆ ಸಾಂದ್ರತೆ 0.92ರಿಂದ 1.20ಕ್ಕೆ ಏರುತ್ತದೆ. ಮುರಿದ ಮೂಳೆಗೇ ಹೆಚ್ಚು ಅಂಕ! ಅಕ್ಕಪಕ್ಕದ್ದಕ್ಕಿಂತ ಟಿ-ಸ್ಕೋರಿನಲ್ಲಿ 1ಕ್ಕಿಂತ ಹೆಚ್ಚು ದೂರವಿರುವ ಕಶೇರುಕವನ್ನು ಕೈಬಿಡಬೇಕು ಎಂಬ ನಿಯಮ ಇರುವುದು ಇದಕ್ಕೇ. ಫ್ಲೋರೈಡ್ ನೀರು ಕುಡಿದ ಊರುಗಳಲ್ಲಿ, ಪಾವಗಡದಂಥ ಕಡೆ, ತೊಂದರೆ ಇನ್ನೂ ಆಳ: ಫ್ಲೋರೋಸಿಸ್ ತಗುಲಿದ ಬೆನ್ನೆಲುಬು ಯಂತ್ರಕ್ಕೆ ಬಹಳ ಗಟ್ಟಿ, ನಿಜದಲ್ಲಿ ಸುಲಭವಾಗಿ ಮುರಿಯುವಂಥದ್ದು.

ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರ ಅಲ್ಟ್ರಾಸೌಂಡಿನದು. ಅದರ ಚೀಟಿಗೆ 1994ರ ಗೆರೆ ಅನ್ವಯಿಸುವುದಿಲ್ಲ; ಆ ಚೀಟಿ ನಂಬಿ ಔಷಧಿ ಶುರು ಮಾಡಬಾರದು.

ಮತ್ತೆ ಸ್ಕ್ಯಾನ್ ಮಾಡಿಸುವುದಾದರೆ ಅದೇ ಯಂತ್ರದಲ್ಲಿ ಮಾಡಿಸಿ. ಒಂದು ಕಂಪನಿಯ ಯಂತ್ರದ ಅಂಕಿ ಇನ್ನೊಂದರದ್ದಕ್ಕೆ ಹೊಂದುವುದಿಲ್ಲ. ಬೆನ್ನೆಲುಬಿನ ಅಳತೆಯಲ್ಲಿ ಒಪ್ಪಬಹುದಾದ ತಪ್ಪಿನ ಮಿತಿ 1.9%. ಅದನ್ನು 2.77ರಿಂದ ಗುಣಿಸಿದರೆ 5.3%: ಎರಡು ಸ್ಕ್ಯಾನ್‌ಗಳ ವ್ಯತ್ಯಾಸ ಇಷ್ಟನ್ನು ಮುಟ್ಟಿದರೆ ಮಾತ್ರ ಅದು ನಿಜವಾದ ಬದಲಾವಣೆ. ಅಂದರೆ 0.800 ಇದ್ದದ್ದು ಮುಂದಿನ ವರ್ಷ 0.776 ಆದರೆ ಅದು 3% ಇಳಿಕೆ, ಆ ಮಿತಿಯಲ್ಲಿ ಕೆಲಸ ಮಾಡುವ ಕೇಂದ್ರದಲ್ಲಿ ಇದನ್ನು ಬದಲಾವಣೆ ಎನ್ನಲಾಗದು. ಮಗುವಿಗಾದರೆ ಎರಡು ಸ್ಕ್ಯಾನ್‌ಗಳ ನಡುವೆ ಕಡಿಮೆಯೆಂದರೆ 6ರಿಂದ 12 ತಿಂಗಳು ಬಿಡಬೇಕು. ಅಷ್ಟರಲ್ಲಿ ಮಗು ಬೆಳೆದಿರುತ್ತದೆ, ಗ್ರಾಂ ಲೆಕ್ಕ ತಾನಾಗಿ ಏರಿರುತ್ತದೆ. ಎತ್ತರಕ್ಕೆ ಸರಿಪಡಿಸಿದ ಝಡ್-ಸ್ಕೋರ್ ಹಿಂದಿನ ಜಾಗದಲ್ಲೇ ಇದೆಯೋ, ಕೆಳಗೆ ಜಾರಿದೆಯೋ ಎಂಬುದನ್ನು ನೋಡಬೇಕು.